ಇಗರ್ಜಿಯ ಮೆಟ್ಟಿಲ ಮೇಲೆ ಎರಡು ಶುಕ್ರವಾರ

ಬೆಳಕನ್ನು ಹಗಲೆಂದೂ ಕತ್ತಲೆಯನ್ನು ಇರುಳೆಂದೂ ಮೊಟ್ಟಮೊದಲು ಹೆಸರಿಟ್ಟು ಕರೆದ ದೇವಪಿತನಿಗೂ, ಆತನ ಸುತನಿಗೂ, ಪವಿತ್ರಾತ್ಮನಿಗೂ ಮಹಿಮೆ ಸಲ್ಲಲಿ.

ಕ್ರಿಸ್ತಜನನದ ಸಾವಿರದ ಐನೂರ ತೊಂಬತ್ತೆರಡನೆಯ ವರ್ಷ, ಫೆಬ್ರುವರಿ ಮಾಸದ ಎರಡನೆಯ ದಿನ, ಭಾನುವಾರ, ಮಾತೆ ಮರಿಯಮ್ಮನ ದೀಪಗಳ ಹಬ್ಬದಂದು ಪೋರ್ಚುಗಲ್ಲಿನ ಗಡಿಯ ಕಾಸ್ತ್ರು ಮರಿಂ ಪಟ್ಟಣದಲ್ಲಿ ಬರೆದದ್ದು.

ಮಕ್ಕಳಾದ ದುವಾರ್ತೆ ಮತ್ತು ಜಿನೇಸ್ ಇಬ್ಬರಿಗೂ ತಂದೆ ಬೆಂತೊ ಲಂಪ್ರೆಯಾ ಮಾಡುವ ಆಶೀರ್ವಾದಗಳು.

ಒಂದೇ ಒಕ್ಕಣೆಯ ಈ ಪತ್ರವನ್ನು ಎರಡು ಪ್ರತಿ ಮಾಡಿದ್ದೇನೆ. ಒಂದು ಲಿಸ್ಬನ್ನಿನಿಂದ ಹೊರಟು ಗೋವೆಯ ದಾರಿಯಾಗಿ ಚೀನದ ಅಂಚಿನ ಮಕಾವ್ ಬಂದರಿನಲ್ಲಿರುವ ದುವಾರ್ತೆಯ ಕೈಸೇರಬೇಕು. ಇನ್ನೊಂದು ಸೆವಿಲ್ಲೆಯಿಂದ ಹೊರಟು ಮೆಕ್ಸಿಕೋವನ್ನು ಹಾಯ್ದು ಮನಿಲಾದಲ್ಲಿರುವ ಜಿನೇಸನ ಕೈಸೇರಬೇಕು. ಹಿರಿಯನು ನನ್ನ ಜನರ ಹಡಗು ಹತ್ತಿ ಸೂರ್ಯ ಹುಟ್ಟುವ ದಿಕ್ಕಿಗೆ ಹೋದ. ಕಿರಿಯನು ತಾಯಿಯ ಕಡೆಯವರಾದ ಕ್ಯಾಸ್ಟೀಲಿನವರ ಹಡಗು ಹತ್ತಿ ಸೂರ್ಯ ಮುಳುಗುವ ದಿಕ್ಕಿಗೆ ಹೋದ. ಒಬ್ಬನನ್ನು ರೇಷ್ಮೆ ಎಳೆಯಿತು, ಇನ್ನೊಬ್ಬನನ್ನು ಬೆಳ್ಳಿ ಎಳೆಯಿತು. ಬೆನ್ನಿಗೆ ಬೆನ್ನು ಮಾಡಿ ನಡೆದ ನೀವಿಬ್ಬರೂ, ಭೂಮಿ ದುಂಡಗಿರುವುದೆಂಬ ಒಂದೇ ಕಾರಣಕ್ಕೆ, ಈಗ ಒಂದೇ ಕಡಲಿನ ಎರಡು ದಡಗಳಲ್ಲಿ ಮುಖಾಮುಖಿ ನಿಂತಿದ್ದೀರಿ. ದೇವರ ಈ ಹಂಚಿಕೆಯನ್ನು ನೀವು ಕಾಣದಿದ್ದರೂ ನಾನು ಕಂಡಿದ್ದೇನೆ.

ಒಂಬತ್ತು ವರ್ಷವಾಯಿತು. ನಿಮ್ಮ ತಾಯಿ ಜುವಾನಾ ಜ್ವರದಲ್ಲಿ ಮಲಗಿದ್ದಳು. ಹೊಳೆಯಾಚೆ, ಅವಳ ತವರೂರು ಅಯಮೊಂತೆಯಲ್ಲಿ, ಜಿನೇಸನ ಹಡಗು ಇಳಿತಕ್ಕೆ ಕಾದಿತ್ತು. "ನಾಳೆ ಹೋಗೋ ಮಗಾ, ಇವತ್ತೊಂದಿನ ಕೂತ್ಕೋ" ಎಂದಳು. ಅವನು ಅವಳ ಕೈಗೆ ಮುತ್ತಿಟ್ಟು ಹೊರಟುಹೋದ. ಮರುದಿನ ಅವಳೂ ಹೊರಟುಹೋದಳು. ಗುಂಡಿಗೆ ಮಣ್ಣು ಹಾಕುತ್ತ ದುವಾರ್ತೆ ಆಡಿದ ಮಾತು ಅವನಿಗಿಂತ ಬೇಗ ಸೆವಿಲ್ಲೆ ಮುಟ್ಟಿತು: "ಅಮ್ಮನಿಗೋಸ್ಕರ ಒಂದಿನ ಕಾಯದವನು ನನಗೆ ತಮ್ಮನಲ್ಲ." ಅಂದಿನಿಂದ ನಿಮ್ಮ ನಡುವೆ ಒಂದು ಅಕ್ಷರ ಓಡಾಡಿಲ್ಲ.

ಸಂಜೆಯ ಗಂಟೆಯಾದಾಗ ನಾನು ಹೊಸ್ತಿಲಲ್ಲಿ ನಿಂತು ಪೂರ್ವಕ್ಕೊಂದು ಶಿಲುಬೆಯ ಗುರುತು, ಪಶ್ಚಿಮಕ್ಕೊಂದು ಶಿಲುಬೆಯ ಗುರುತು ಮಾಡಿ ನಿಮ್ಮಿಬ್ಬರನ್ನೂ ಹೆಸರೆತ್ತಿ ಹರಸುತ್ತೇನೆ. ನಮ್ಮ ಗಂಟೆ ನಿಂತ ಮೇಲೆ ಅಯಮೊಂತೆಯ ಗಂಟೆ ಬಾರಿಸುತ್ತದೆ. ಎಂದೂ ಒಟ್ಟಿಗೆ ಬಾರಿಸಿದ್ದಿಲ್ಲ. "ನಮ್ಮೂರಿಂದು ತಡ ಅಲ್ಲರೀ, ನಿಮ್ಮೂರಿಂದಕ್ಕೇ ಅವಸರ" ಎಂದು ನಿಮ್ಮ ತಾಯಿ ನಗುತ್ತಿದ್ದಳು. ಆ ಎರಡು ಗಂಟೆಗಳ ನಡುವಿನ ಮೌನದಲ್ಲಿ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಆಜ್ಞೆ ಮಾಡುತ್ತಿದ್ದೇನೆ. ಎರಡು ವರ್ಷಗಳ ಮುಂದಣ, ಅಂದರೆ ತೊಂಬತ್ತನಾಲ್ಕರ ಜೂನ್ ಇಪ್ಪತ್ತನಾಲ್ಕು, ಸಂತ ಯೊವಾನ್ನರ ಹಬ್ಬ, ನಿಮ್ಮ ತಾಯಿ ಹುಟ್ಟಿದ ದಿನ. ಅಂದು ಮಕಾವ್‌ನ ಗುಡ್ಡದ ಮೇಲಿನ ಇಗರ್ಜಿಯ ಮೆಟ್ಟಿಲ ಮೇಲೆ ಇಬ್ಬರೂ ಕೂಡಿ ಅವಳ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚಿ. ಜಿನೇಸ್, ನೀನು ಕಿರಿಯ, ನೀನು ಹೋಗಬೇಕು. ದುವಾರ್ತೆ, ನೀನು ಹಿರಿಯ, ನೀನು ಕಾಯಬೇಕು.

ಕಡಲಿನ ಟಪಾಲು ಹಿಂದುಮುಂದಾಗಿ ಬರುತ್ತದೆ. ಎಷ್ಟು ಪತ್ರ ಒಟ್ಟಿಗೆ ಬಂದರೂ ಬರೆದ ಕ್ರಮದಲ್ಲೇ ಓದಬೇಕೆಂದು ನಾನು ಚಿಕ್ಕಂದಿನಲ್ಲಿ ಕಲಿಸಿದ್ದನ್ನು ಮರೆಯಬೇಡಿ. ನಿಮ್ಮ ಅಕ್ಕ ಬ್ರಿತೆಸ್ ಕ್ಷೇಮ. "ಇನ್ನೊಂದು ಪ್ರತಿ ಬರೆದ್ರೆ ನಮ್ಮ ಬಾತುಕೋಳಿ ಬೋಳಾಗತ್ತೆ, ಗರಿಗೆ ಬೇರೆ ಮನೆ ನೋಡ್ಕೊಳಿ ಅಪ್ಪಾ" ಎನ್ನುತ್ತಿದ್ದಾಳೆ.

ನಿಮ್ಮ ತಂದೆ,
ಬೆಂತೊ ಲಂಪ್ರೆಯಾ

---

ಮಕಾವ್, 25 ಜೂನ್ 1594, ಶನಿವಾರ

ಪೂಜ್ಯ ತಂದೆಯವರ ಕೈಗೆ ಮುತ್ತಿಟ್ಟು ದುವಾರ್ತೆ ಬರೆಯುವುದು.

ತಮ್ಮ ಆಜ್ಞೆಯಂತೆ ನಿನ್ನೆ, ಸಂತ ಯೊವಾನ್ನರ ಹಬ್ಬದ ಶುಕ್ರವಾರ, ಬೆಳಗಿನ ಪೂಜೆಯಿಂದ ಸಂಜೆಯ ಗಂಟೆಯವರೆಗೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಮೀನು ಸಹ ಮುಟ್ಟದೆ ಒಪ್ಪತ್ತು ಮಾಡಿದ್ದೆ. ಅವನು ಬರಲಿಲ್ಲ.

ಬರುತ್ತೇನೆಂದು ಕಳೆದ ಚಳಿಗಾಲದಲ್ಲಿ ಚೀನೀ ದೋಣಿಯವರ ಬಾಯಲ್ಲಿ ಹೇಳಿಕಳಿಸಿದ್ದ. ಆ ಮಾತು ಕೇಳಿದ ದಿನ ನಾನು ಮನೆಯಲ್ಲಿ ಕೂರಲಾರದೆ ಬಂದರಿನ ಉದ್ದಗಲ ನಡೆದಿದ್ದೆ. ಇದನ್ನು ತಮಗಲ್ಲದೆ ಇನ್ಯಾರಿಗೂ ಹೇಳಲಾರೆ. ನಿನ್ನೆ ಮೆಟ್ಟಿಲ ಬುಡದಲ್ಲಿ ಬತ್ತಿ ಮಾರುವ ಮುದುಕಿ ನನ್ನನ್ನು ಹಗಲೆಲ್ಲ ನೋಡಿ ಬೇಸತ್ತಳು.

"ಹಚ್ಚಿದ್ರೆ ಹಚ್ಚು, ಇಲ್ಲಾಂದ್ರೆ ವಾಪಸ್ ಕೊಡಪ್ಪ. ನಿನ್ನ ಕೈ ಬಿಸಿಗೆ ಬತ್ತಿ ಬಗ್ಗೋಯ್ತು."

"ತಮ್ಮ ಬರ್ತಾನೆ ಅಜ್ಜಿ. ಒಟ್ಟಿಗೆ ಹಚ್ಚಬೇಕು."

"ಎಲ್ಲಿಂದ?"

"ಮನಿಲಾದಿಂದ."

"ಓ, ಕ್ಯಾಸ್ಟೀಲಿನವರ ಪೈಕಿಯೋ. ಹಾಗಾದ್ರೆ ನಾಳೆ ಬಾ. ಅವರಿಗೆ ಹಬ್ಬ ಯಾವತ್ತೂ ಹಳಸಿದ ಮೇಲೇ."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಗಂಟೆಯಾದ ಮೇಲೆ ಒಬ್ಬನೇ ಬತ್ತಿ ಹಚ್ಚಿದೆ. ಬಗ್ಗಿದ ಬತ್ತಿ ನೆಟ್ಟಗೆ ಉರಿಯಲಿಲ್ಲ.

ಇಂದು ಜಪಾನಿಗೆ ಹೋಗುವ ದೊಡ್ಡ ಹಡಗು ಹಾಯಿ ಬಿಚ್ಚುತ್ತಿದೆ. ನನ್ನ ರೇಷ್ಮೆ ಅದರೊಳಗಿದೆ, ನಾನೂ ಅದರಲ್ಲೇ ಹೊರಟಿದ್ದೇನೆ. ಗಾಳಿ ವರ್ಷಕ್ಕೊಮ್ಮೆ ಬೀಸುವುದು, ಯಾರಿಗೂ ಕಾಯುವುದಿಲ್ಲ. ಇನ್ನೊಮ್ಮೆ ಅವನ ಹೆಸರನ್ನು ನನ್ನ ಮುಂದೆ ಎತ್ತಬೇಡಿ ಎಂದು ಬೇಡಿಕೊಳ್ಳುವ,

ತಮ್ಮ ವಿಧೇಯ ಮಗ,
ದುವಾರ್ತೆ

---

ಕಾಸ್ತ್ರು ಮರಿಂ, 2 ನವೆಂಬರ್ 1595, ಗುರುವಾರ, ಸಕಲ ಮೃತರ ಸ್ಮರಣೆಯ ದಿನ

ಜಿನೇಸ್,

ನಿನ್ನ ಅಣ್ಣನ ಪತ್ರ ಕೈಸೇರಿತು. ಹುಟ್ಟುಹಬ್ಬದಂದು ತಾಯಿಯ ಹೆಸರಿನ ಬತ್ತಿ ನಿನ್ನ ದಾರಿ ಕಾದು ಬಗ್ಗಿತಂತೆ. ಬರುತ್ತೇನೆಂದು ಮಾತು ಕೊಟ್ಟು ಬಾರದೆ ಉಳಿದೆ. ಸಾಯುವವಳಿಗೆ ಒಂದು ದಿನ ಕೊಡಲಾರದವನು ಸತ್ತವಳಿಗೆ ಕೊಟ್ಟಾನೆಂದು ನಂಬಿದ್ದು ನನ್ನ ಮುಪ್ಪಿನ ಮಂಕು.

ಇಂದು ನಿನ್ನ ತಾಯಿಯ ಸಮಾಧಿಯ ಬಳಿ ನಿಂತು ನಿಶ್ಚಯಿಸಿದ್ದೇನೆ. ಇನ್ನು ಮುಂದೆ ಸಂಜೆಯ ಗಂಟೆಗೆ ನಾನು ಪಶ್ಚಿಮಕ್ಕೆ ತಿರುಗುವುದಿಲ್ಲ. ನಿನಗೆ ಕೊಟ್ಟಿದ್ದ ಆಶೀರ್ವಾದವನ್ನು ಹಿಂದಕ್ಕೆ ಪಡೆದಿದ್ದೇನೆ. ಮುಂದಿನ ನೌಕಾದಂಡಿನೊಂದಿಗೆ ಈ ಪತ್ರ ಬರುವುದು, ಉತ್ತರ ಬೇಕಿಲ್ಲ.

ಬೆಂತೊ ಲಂಪ್ರೆಯಾ

---

(ಪತ್ರದ ನೆತ್ತಿಯಲ್ಲಿ ತಂದೆಯ ಕೈಬರಹ: ಬರೆದು ಎರಡು ವರ್ಷದ ಮೇಲೆ, 1596ರ ಅಕ್ಟೋಬರ್ ಮೊದಲಲ್ಲಿ ತಲುಪಿತು.)

ಮಕಾವ್ ಬಂದರು, 24 ಜೂನ್ 1594, ಶುಕ್ರವಾರ, ಸಂತ ಯೊವಾನ್ನರ ಹಬ್ಬ

ಅಪ್ಪ, ನಿಮ್ಮ ಕೈಗೆ ಮುತ್ತು.

ಬಂದೆ. ನೀವು ಹೇಳಿದ ದಿನವೇ, ಹೇಳಿದ ಮೆಟ್ಟಿಲಿಗೇ ಬಂದೆ. ಮೂರು ವಾರದ ಬಿರುಗಾಳಿಯಲ್ಲಿ ಹಡಗಿನವರೆಲ್ಲ ಹರಕೆ ಹೊತ್ತರು. ನಾನು ಹಬ್ಬದ ದಿನ ತಪ್ಪದಿರಲಿ ಎಂದಷ್ಟೇ ಬೇಡಿದೆ. ನಸುಕಿನಲ್ಲಿ ಲಂಗರು ಇಳಿಯಿತು. ಶುಕ್ರವಾರ ಮಾಂಸ ವರ್ಜ್ಯವಲ್ಲವೇ, ಒಣಮೀನು ಚೂರು ತಿಂದು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಗುಡ್ಡ ಹತ್ತಿದೆ.

ಊರು ಹಂದಿಮಾಂಸ ಸುಡುತ್ತಿತ್ತು, ಅಪ್ಪ. ಶುಕ್ರವಾರ, ಸಂತರ ಹಬ್ಬ, ಇಗರ್ಜಿಯ ಎದುರಿಗೇ. ಹಬ್ಬದ ಬೆಂಕಿಯ ಬೂದಿ ಆಗಲೇ ತಣ್ಣಗಾಗಿತ್ತು. ಮೆಟ್ಟಿಲ ಮೇಲೆ ಬತ್ತಿ ಮಾರುವ ಒಬ್ಬ ಮುದುಕಿಯಲ್ಲದೆ ಯಾರೂ ಇರಲಿಲ್ಲ.

"ಮನಿಲಾದ ತಮ್ಮ ನೀನೇನು? ಸಂತರು ನಿನ್ನೆಯೇ ಬಂದು ಹೋದ್ರಪ್ಪ. ನಿನ್ನಣ್ಣನೂ ಹಗಲಿಡೀ ನಿಂತು ಹೋದ. ಅಗೋ, ಅವನ ಹಡಗು" ಎಂದಳು.

ಕೊಲ್ಲಿಯ ಬಾಯಲ್ಲಿ ಒಂದು ದೊಡ್ಡ ಹಾಯಿ ದಾಟುತ್ತಿತ್ತು. 

"ಇವತ್ತು ಯಾವ ವಾರ ಅಜ್ಜಿ?"

"ಶನಿವಾರ."

"ನಮ್ಮ ಹಡಗಲ್ಲಿ ಎಲ್ರಿಗೂ ಶುಕ್ರವಾರ."

"ಹಾಗಾದ್ರೆ ಎಲ್ರೂ ಒಂದೇ ಪೀಪಾಯಿಂದ ಕುಡಿದಿದ್ದೀರಿ."

ಒಬ್ಬ ಪಾದ್ರಿಯನ್ನು ತಡೆದು ಕೇಳಿದೆ. ಅವರು ನಗುತ್ತ, "ಮನಿಲಾದಿಂದ ಬಂದೆಯೇನಪ್ಪ, ಕೂತ್ಕೋ ಹೇಳ್ತೀನಿ" ಎಂದು ಬಾಯಿ ತೆರೆದರು. ನಾನು ನಿಲ್ಲಲಿಲ್ಲ. ಎಲ್ಲರಿಗೂ ಅಣ್ಣ ಪಾಠ ಹೇಳಿಕೊಟ್ಟು ಹೋಗಿದ್ದಾನೆ ಎಂದುಕೊಂಡೆ. ನಾನು ಬರುವ ದಿನವೇ ನನ್ನ ಕಣ್ಣೆದುರಿಗೇ ಹಾಯಿ ಬಿಚ್ಚಿ, ಊರಿನ ಬಾಯಿಂದ ನಗಿಸಿ, ಹನ್ನೊಂದು ವರ್ಷದ ಸಿಟ್ಟು ತೀರಿಸಿಕೊಂಡ. ನಾನು ಅಮ್ಮನ ಬಳಿ ಒಂದು ದಿನ ಕೂರಲಿಲ್ಲ, ನಿಜ. ಅದನ್ನು ಅವನು ನೆನಪಿಸಬೇಕಾಗಿರಲಿಲ್ಲ. ಪ್ರತಿ ಬಂದರಿನಲ್ಲೂ ಪ್ರತಿ ಇಳಿತವೂ ನೆನಪಿಸುತ್ತದೆ.

ಬತ್ತಿ ಒಬ್ಬನೇ ಹಚ್ಚಿದೆ. ನೀವು ನನ್ನನ್ನು ನಂಬುತ್ತೀರೆಂದು ನಂಬಿರುವ,

ಜಿನೇಸ್

---

ದಿನಗಳಿಗೆ ಒಡೆಯನಾದವನು, ದಿನಗಳನ್ನು ಎಣಿಸುವವರ ತಪ್ಪನ್ನು ಮನ್ನಿಸಲಿ.

ಸೆವಿಲ್ಲೆಯ ಬಳಿಯ ಸಾನ್‌ಲೂಕರ್ ಬಂದರು, 1596ನೆಯ ವರ್ಷ, ಅಕ್ಟೋಬರ್ ಹದಿನೆಂಟು, ಶುಕ್ರವಾರ, ಶುಭಸಂದೇಶಕಾರ ಸಂತ ಲೂಕರ ಹಬ್ಬ

ಮಕ್ಕಳಾದ ಜಿನೇಸ್ ಮತ್ತು ದುವಾರ್ತೆ ಇಬ್ಬರಿಗೂ ತಂದೆಯ ಆಶೀರ್ವಾದಗಳು. ಇಬ್ಬರಿಗೂ ಎಂದು ಬರೆದಿದ್ದೇನೆ; ಗಮನಿಸಿ.

ಜಿನೇಸನ ಪತ್ರ ಓದಿದಾಗ ಮೊದಲು ಸಿಟ್ಟು ಬಂದಿತು. ಇಬ್ಬರಲ್ಲಿ ಒಬ್ಬನು ಸುಳ್ಳನೆಂಬುದು ಖಚಿತವೆನಿಸಿತು. ಎರಡು ಪತ್ರಗಳನ್ನೂ ಮಗ್ಗುಲಲ್ಲಿಟ್ಟೆ. ದುವಾರ್ತೆಯದು ಇಪ್ಪತ್ತನಾಲ್ಕು, ಶುಕ್ರವಾರ. ಜಿನೇಸನದೂ ಇಪ್ಪತ್ತನಾಲ್ಕು, ಶುಕ್ರವಾರ. ಸುಳ್ಳು ಹೇಳುವವನು ನೆವ ಹುಡುಕುತ್ತಾನೆ. ಊರೆಲ್ಲ ಶುಕ್ರವಾರದಂದು ಮಾಂಸ ಸುಡುತ್ತಿತ್ತೆಂದು ಯಾರೂ ಕಟ್ಟಿ ಹೇಳುವುದಿಲ್ಲ. ಆ ಮಾಂಸದ ಕಮಟೇ ನನ್ನನ್ನು ಎಬ್ಬಿಸಿತು.

ಭೂಮಿಯನ್ನು ಮೊತ್ತಮೊದಲು ಸುತ್ತಿಬಂದ ಹಡಗಿನವರನ್ನು ನನ್ನ ಅಜ್ಜ ಸೆವಿಲ್ಲೆಯಲ್ಲಿ ಕಂಡಿದ್ದ. ಬರಿಗಾಲಲ್ಲಿ, ಕೈಯಲ್ಲಿ ಬತ್ತಿ ಹಿಡಿದು ಇಗರ್ಜಿಗೆ ನಡೆದರಂತೆ. ದಿನ ತಪ್ಪದೆ ಬರೆದಿಟ್ಟರೂ ಅವರ ಲೆಕ್ಕದಲ್ಲಿ ಒಂದು ದಿನ ಕಡಿಮೆ ಬಿದ್ದಿತ್ತು. ತಿಳಿಯದೆ ಶುಕ್ರವಾರಗಳಲ್ಲಿ ಮಾಂಸ ತಿಂದಿದ್ದರು. ಇದನ್ನು ನಾನು ಊರ ಮಕ್ಕಳಿಗೆ ಪಾಠ ಹೇಳಿದ್ದೇನೆ. ಸೂರ್ಯನ ಬೆನ್ನು ಹತ್ತಿ ಹೋಗುವವನ ಹಗಲು ದಿನದಿನವೂ ಒಂದಿಷ್ಟು ಹಿಗ್ಗುತ್ತದೆ. ಸೂರ್ಯನಿಗೆ ಎದುರಾಗಿ ಹೋಗುವವನದು ಒಂದಿಷ್ಟು ಕುಗ್ಗುತ್ತದೆ. ಒಬ್ಬನು ಅರ್ಧ ಭೂಮಿಯನ್ನು ಈ ಕಡೆಯಿಂದ, ಇನ್ನೊಬ್ಬನು ಉಳಿದರ್ಧವನ್ನು ಆ ಕಡೆಯಿಂದ ಹಾಯ್ದು ಒಂದೇ ಮೆಟ್ಟಿಲ ಮೇಲೆ ಎದುರಾದರೆ, ಪೂರ್ವಕ್ಕೆ ಹೋದವನಿಗೆ ಶನಿವಾರವಾಗಿರುವಾಗ ಪಶ್ಚಿಮಕ್ಕೆ ಹೋದವನಿಗೆ ಇನ್ನೂ ಶುಕ್ರವಾರ. ನೀವಿಬ್ಬರೂ ಸತ್ಯವನ್ನೇ ಬರೆದಿದ್ದೀರಿ. ಹಬ್ಬಗಳ ದಿನ ಗುಣಿಸುವುದನ್ನೇ ಕಾಯಕ ಮಾಡಿಕೊಂಡ ನಾನು, ನಿಮಗೆ ದಿನವನ್ನು ಗೊತ್ತುಮಾಡುವಾಗ ಇದನ್ನು ನೆನೆಯಲಿಲ್ಲ.

ಜಿನೇಸ್, ನಿನಗೆ ಒಂದು ಕಠಿಣ ಪತ್ರ ಬರೆದಿದ್ದೆ. ಅದು ಜೂನ್ ತಿಂಗಳ ದಂಡಿನೊಂದಿಗೆ ಹೋಗಿಬಿಟ್ಟಿದೆ. ಹೊರಟ ಮಾತನ್ನು ಹಿಂದಕ್ಕೆ ಕರೆಯುವ ಗಾಳಿ ಇಲ್ಲ. ಆದರೆ ಮನಿಲಾದ ಹಡಗು ಮಾರ್ಚಿಗೆ ಮುಂಚೆ ಮೆಕ್ಸಿಕೋದ ತೀರ ಬಿಡುವುದಿಲ್ಲ. ರಾಜಪತ್ರ ಒಯ್ಯುವ ಸಣ್ಣ ಹಡಗೊಂದು ಇಲ್ಲಿಂದ ಈ ವಾರ ಹೊರಡುತ್ತದೆ. ಅದಕ್ಕಾಗಿ ಹೇಸರಗತ್ತೆ ಏರಿ ನಾನೇ ಬಂದಿದ್ದೇನೆ. ಬ್ರಿತೆಸ್ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಪ್ಪತ್ತು ದಾಟಿದೆ ಅಪ್ಪಾ. ಕಾಗದ ಮುಟ್ಟೋದ್ರೊಳಗೆ ನೀವು ಸ್ವರ್ಗ ಮುಟ್ತೀರಿ."

"ಅಲ್ಲಿ ನಿಮ್ಮಮ್ಮ ಬಾಗಿಲಲ್ಲೇ ಕೇಳ್ತಾಳೆ, ಕಿರಿಯವನಿಗೆ ಏನು ಬರೆದೆ ಅಂತ. ಬಿಡು ದಾರಿ."

ಅವಳೇ ಹೇಸರಗತ್ತೆಯ ಜೀನು ಬಿಗಿದು, ಅಂಜೂರ, ಉಪ್ಪುಮೀನು ಕಟ್ಟಿಕೊಟ್ಟಳು.

ಇನ್ನು ಮುಂದಿನ ಮಾತು. ತೊಂಬತ್ತೊಂಬತ್ತರ ಸಂತ ಯೊವಾನ್ನರ ಹಬ್ಬಕ್ಕೆ ಅದೇ ಮೆಟ್ಟಿಲು. ಆದರೆ ನಿಮ್ಮನ್ನು ನಾನು ಬಲ್ಲೆ. ಚಿಕ್ಕವರಿದ್ದಾಗ ಒಂದೇ ರೊಟ್ಟಿಯನ್ನು "ಅವನು ತಿನ್ನಲಿ" ಎಂದು ಇಬ್ಬರೂ ಬಿಟ್ಟು, ಅದನ್ನು ನಾಯಿ ತಿಂದದ್ದುಂಟು. ಈಗಲೂ ಅಣ್ಣನ ದಿನಕ್ಕೆಂದು ತಮ್ಮ ಮೊದಲೇ ಬಂದು ಹೋಗುವನು, ತಮ್ಮನ ದಿನಕ್ಕೆಂದು ಅಣ್ಣ ಮರುದಿನ ಬರುವನು. ಹಾಗಾಗಕೂಡದು. ಇಬ್ಬರೂ ಎರಡೂ ದಿನ ನಿಲ್ಲತಕ್ಕದ್ದು.

ನಿಮ್ಮ ತಂದೆ,
ಬೆಂತೊ ಲಂಪ್ರೆಯಾ

(ಮನಿಲಾದ ಪ್ರತಿಯ ಹೊರಮೈಯಲ್ಲಿ, ದಪ್ಪ ಅಕ್ಷರದಲ್ಲಿ: ಮಗನೇ, ಇದನ್ನು ಮೊದಲು ಒಡೆ.)

---

ಮನಿಲಾ, 25 ಜುಲೈ 1597, ಶುಕ್ರವಾರ

ಅಪ್ಪ, ನಿಮ್ಮ ಕೈಗೆ ಮುತ್ತು.

ಎರಡು ಪತ್ರಗಳೂ ಒಂದೇ ಹಡಗಿನಲ್ಲಿ, ಒಂದೇ ಚೀಲದಲ್ಲಿ ಬಂದವು. ಹಡಗಿನವನು ಎಸೆದ ಕಟ್ಟಿನಲ್ಲಿ ನಿಮ್ಮ ಮುದ್ರೆ ಎರಡು ಕಂಡೆ. "ಇದನ್ನು ಮೊದಲು ಒಡೆ" ಎಂದಿದ್ದುದನ್ನು ಓದಿದೆ. ಆದರೆ ಬರೆದ ಕ್ರಮದಲ್ಲೇ ಓದಬೇಕೆಂದು ಕಲಿಸಿದವರೂ ನೀವೇ. ಇನ್ನೊಂದರ ಮೇಲೆ ಹಳೆಯ ದಿನವಿತ್ತು. ಅದನ್ನೇ ಮೊದಲು ಒಡೆದೆ.

ಅದನ್ನು ಓದಿದ ಮೇಲೆ ಎರಡನೆಯದನ್ನು ಒಡೆಯುವ ಧೈರ್ಯ ಬರಲಿಲ್ಲ. ಅದರಲ್ಲಿ ಇದಕ್ಕಿಂತ ಭಾರವಾದುದು ಇನ್ನೇನಿರಬಹುದೆಂದು ಅಂಗಿಯೊಳಗಿಟ್ಟುಕೊಂಡು ಊರಿನ ಗೋಡೆಯ ಸುತ್ತ ಸುತ್ತಿದೆ. ಮರುದಿನ ಬೆಳಿಗ್ಗೆ ಒಡೆದೆ. ಹೀಗೆ ಒಂದು ದಿನ ನಾನು ಯಾರ ಮಗನೂ ಆಗಿರಲಿಲ್ಲ.

ಬೇಸರಪಡಬೇಡಿ. ಆ ಒಂದು ದಿನ ನನಗೆ ಸಲ್ಲಬೇಕಾದದ್ದೇ. ಅಮ್ಮ ಕೇಳಿದ ದಿನ ಎಷ್ಟು ಉದ್ದವಿತ್ತೆಂದು ಈಗ ತಿಳಿಯಿತು.

ತೊಂಬತ್ತೊಂಬತ್ತಕ್ಕೆ ಹೋಗುತ್ತೇನೆ. ಅಣ್ಣ ನಿಲ್ಲುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು. ಅವನಿಗೆ ನಿಮ್ಮ ಮಾತು ಇನ್ನೂ ಮುಟ್ಟಿರಲಾರದು.

ನಿಮ್ಮ ಮಗ,
ಜಿನೇಸ್

---

ಮಕಾವ್, 1599, 25 ಜೂನ್, ಶುಕ್ರವಾರ (ಇದು ದುವಾರ್ತೆಯ ಲೆಕ್ಕ)
ಮಕಾವ್, 1599, 24 ಜೂನ್, ಗುರುವಾರ (ಇದು ಜಿನೇಸನ ಲೆಕ್ಕ)

ಪೂಜ್ಯ ತಂದೆಯವರ ಕೈಗೆ ಇಬ್ಬರ ಮುತ್ತುಗಳು. ದುವಾರ್ತೆ ಬರೆಯುತ್ತಿದ್ದೇನೆ, ಇವನು ಪಕ್ಕದಲ್ಲಿ ಕೂತು ಅಕ್ಷರಕ್ಕೆ ಹೆಸರಿಡುತ್ತಿದ್ದಾನೆ.

ತಮ್ಮ ಪತ್ರ ಹೋದ ಬೇಸಿಗೆಯಲ್ಲಿ ತಲುಪಿತು. ನಂಬಲು ನನಗೆ ಹಲವು ತಿಂಗಳು ಬೇಕಾಯಿತು. ನಿನ್ನೆ ಹಬ್ಬದ ದಿನ ಮೆಟ್ಟಿಲ ಮೇಲೆ ನಿಂತೆ. ಅವನು ಬರಲಿಲ್ಲ. ಈ ಸಲ ಎರಡೂ ದಿನ ನಿಲ್ಲಬೇಕಾದವನು ಮೊದಲ ದಿನವೇ ಇಲ್ಲ. ಜಪಾನಿನ ಹಡಗು ಇಂದು ಬೆಳಗಿನ ಇಳಿತಕ್ಕೆ ಹೊರಡುವುದಿತ್ತು, ನನ್ನ ಸರಕೆಲ್ಲ ಅದರಲ್ಲಿತ್ತು. ಸಂಜೆ ಬಂದರಿಗೆ ಇಳಿದೆ, ಮತ್ತೆ ಗುಡ್ಡ ಹತ್ತಿದೆ, ಮತ್ತೆ ಇಳಿದೆ. ಹಡಗಿನ ಮುಖ್ಯಸ್ಥ ಕೂಗಿದ: "ಲಂಪ್ರೆಯಾ, ಹತ್ತುತೀಯೋ ಇಲ್ವೋ? ಗಾಳಿ ನಿಮ್ಮಪ್ಪಂದಲ್ಲ." ದಿನ ಮಾತ್ರ ನಮ್ಮಪ್ಪನದು ಎಂದು ಹೇಳಿ ಹಿಂತಿರುಗಿದೆ. ಸರಕು ಹೋಯಿತು, ನಾನು ಉಳಿದೆ.

ಇಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಾನೂ ಬತ್ತಿ ಮಾರುವ ಮುದುಕಿಯೂ ಇಬ್ಬರೇ. ಬಿಸಿಲೇರಿದ ಮೇಲೆ ಆಗಲೇ ನರೆ ಇಣುಕಿದ ತಲೆಯವನೊಬ್ಬ ಏದುಸಿರು ಬಿಡುತ್ತ ಗುಡ್ಡ ಹತ್ತಿಬಂದ. ಹೋಗುವಾಗ ಅವನ ಗಡ್ಡ ಸರಿಯಾಗಿ ಮೂಡಿರಲಿಲ್ಲ. ಗಾಳಿ ಕೈಕೊಟ್ಟಿತಂತೆ.

"ನೋಡು, ಈ ಕ್ಯಾಸ್ಟೀಲಿನವರು ಸಾಯೋದೂ ಒಂದಿನ ತಡವಾಗೇ" ಎಂದಳು ಮುದುಕಿ.

ಅವನು ಕೆಳಗಿನ ಮೆಟ್ಟಿಲಲ್ಲೇ ನಿಂತ. "ಅಣ್ಣಾ, ಹೋಗಿರ್ತೀಯ ಅಂದ್ಕೊಂಡಿದ್ದೆ."

"ಹೋಗಬೇಕಿತ್ತು."

"ಹಡಗು?"

"ಹೋಯ್ತು. ಮೇಲೆ ಬಾ, ಬತ್ತಿ ಮತ್ತೆ ಬಗ್ತಿದೆ."

ಇಬ್ಬರೂ ಒಂದೇ ಬತ್ತಿ ಹಿಡಿದು ಹಚ್ಚಿದೆವು. ಊಟಕ್ಕೆ ಕೂತಾಗ ಇವನು ಹಂದಿಮಾಂಸ ಕೇಳಿದ, ನನಗೆ ಗುರುವಾರ ಎಂದ. ಇಲ್ಲಿ ಕಾಲಿಟ್ಟ ಮೇಲೆ ಇಲ್ಲಿಯ ಶುಕ್ರವಾರವೇ ನಿನ್ನದೂ, ಮೀನು ತಿನ್ನು ಎಂದೆ.

"ಹಾಗಾದ್ರೆ ನನ್ನ ಗುರುವಾರ ಎಲ್ಲೋಯ್ತು? ಇವತ್ತು ಎದ್ದಾಗ ಇತ್ತಲ್ಲ. ಆಯುಸ್ಸಿನಲ್ಲಿ ಒಂದು ದಿನ ಹಾಗೇ ಮಾಯ ಆಗತ್ತೇನು?"

ಮೀನಿನ ತಟ್ಟೆಯನ್ನು ಅವನತ್ತ ಸರಿಸಿದೆ. ಆಮೇಲೆ ಹೇಳಿದೆ: "ಅಮ್ಮ ಒಂದು ದಿನ ಕೇಳಿದ್ಲಲ್ಲ. ಅವಳೇ ತಗೊಂಡ್ಲು ಅಂದ್ಕೊ."

ಅವನು ತಟ್ಟೆಯ ಮೇಲೆ ತಲೆ ಬಗ್ಗಿಸಿದ. ಮುಳ್ಳು ಬಿಡಿಸಿ ಮೀನು ತಿಂದ.

ತಮ್ಮ ಮಕ್ಕಳು,
ದುವಾರ್ತೆ
ಜಿನೇಸ್ (ಅಣ್ಣನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಅಪ್ಪ.)

---

ಕಾಸ್ತ್ರು ಮರಿಂ, 1600ನೆಯ ವರ್ಷ, ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಶುಕ್ರವಾರ, ಸಂತ ಮಿಕಾಯೇಲರ ಹಬ್ಬ

ಮಕ್ಕಳೇ,

ಕಣ್ಣು ಮಂದವಾಗಿದೆ. ನಾನು ಹೇಳುತ್ತಿದ್ದೇನೆ, ಬ್ರಿತೆಸ್ ಬರೆಯುತ್ತಿದ್ದಾಳೆ. ನಿಮ್ಮ ಪತ್ರವನ್ನು ಅವಳಿಂದ ಎರಡು ಸಲ ಓದಿಸಿದೆ. ಮೂರನೆಯ ಸಲಕ್ಕೆ, "ಮೀನು ತಿಂದ ಅಂತಾನೇ ಇದೆ ಅಪ್ಪಾ, ಬದಲಾಗಿಲ್ಲ" ಎಂದಳು.

ಇಂದು ಸಂಜೆ ಹೊಸ್ತಿಲಿಗೆ ಬಂದಾಗ ಯಾವ ದಿಕ್ಕಿಗೆ ತಿರುಗಬೇಕೆಂದು ತಿಳಿಯದೆ ನಿಂತೆ. ನೀವಿಬ್ಬರೂ ಒಂದೇ ಮೆಟ್ಟಿಲ ಮೇಲಿದ್ದೀರಿ. ಪೂರ್ವಕ್ಕೆ ಕಳಿಸಿದ ಆಶೀರ್ವಾದವೂ ಅಲ್ಲಿಗೇ, ಪಶ್ಚಿಮಕ್ಕೆ ಕಳಿಸಿದ್ದೂ ಅಲ್ಲಿಗೇ ಮುಟ್ಟುತ್ತದೆ. ಆದರೂ ಎರಡೂ ಕಡೆ ಮಾಡಿದೆ. ಕೈಗೆ ಅಭ್ಯಾಸ. ನಮ್ಮ ಗಂಟೆ ಬಾರಿಸಿ ನಿಂತಿತು. ಅಯಮೊಂತೆಯದು ಬಾರಿಸುವವರೆಗೆ ನಾನು ಈ ಸಲ ಕದಲದೆ ನಿಂತಿದ್ದೆ.

ಮೊದಲು ಎದ್ದವನನ್ನೂ ತಡವಾಗಿ ಬಂದವನನ್ನೂ ದೇವರು ಕಾಯಲಿ. ಮೆಟ್ಟಿಲ ಬುಡದ ಆ ಮುದುಕಿಯ ಬತ್ತಿಗಳು ನೆಟ್ಟಗೆ ಉರಿಯಲಿ. ನಗುತ್ತ ಹೇಳಹೊರಟ ಆ ಪಾದ್ರಿಗೂ, ಅಂದು ನಿಲ್ಲದೆ ಹೋದ ಹಡಗಿಗೂ, ನನ್ನ ಎರಡು ಮಾತುಗಳನ್ನು ಒಂದೇ ಚೀಲದಲ್ಲಿ ಹೊತ್ತ ಹಡಗಿಗೂ, ಈ ಪತ್ರ ಬರೆದವಳಿಗೂ ಒಳ್ಳೆಯದಾಗಲಿ. ನಿಮ್ಮ ತಾಯಿಗೆ ನಿತ್ಯಶಾಂತಿ ದೊರೆಯಲಿ. ಅಲ್ಲಿ ಇದು ಯಾವ ದಿನವಾಗಿದ್ದರೂ, ಈ ದಿನದ ನನ್ನ ಆಶೀರ್ವಾದ ನಿಮ್ಮಿಬ್ಬರ ಮೇಲೂ ಇರಲಿ.